ಸುಕನ್ಯಾ ವರ್ಗದ ಏಳು ಕಾವಲು ನೌಕೆಗಳು

ನೌಕಾಪಡೆಯ ಚರಿತ್ರೆ ಎಂದೊಡನೆ 1971ರ ಕರಾಚಿ ದಾಳಿ, ವಿಕ್ರಾಂತ್, ಜಲಾಂತರ್ಗಾಮಿಗಳು ನೆನಪಾಗುತ್ತವೆ. ಯುದ್ಧವಿಲ್ಲದ ದಿನಗಳಲ್ಲಿ ಕಡಲು ಕಾಯುವ ಹಡಗುಗಳ ಪ್ರಸ್ತಾಪ ಬರುವುದು ಅಪರೂಪ. ಸುಕನ್ಯಾ ವರ್ಗದ ಗಸ್ತು ನೌಕೆಗಳು ಆ ಸಾಲಿನವು.

ಇವು ಬೇಕಾದದ್ದೇಕೆಂದು ತಿಳಿಯಲು ಎಪ್ಪತ್ತರ ದಶಕಕ್ಕೆ ಹೋಗಬೇಕು. 1974ರಲ್ಲಿ ‘ಸಾಗರ್ ಸಾಮ್ರಾಟ್’ ರಿಗ್ ಮುಂಬಯಿಯ ಪಶ್ಚಿಮಕ್ಕೆ ಸುಮಾರು 160 ಕಿಲೋಮೀಟರ್ ದೂರದಲ್ಲಿ ಕಡಲತಳ ಕೊರೆದಾಗ ಎಣ್ಣೆ ಸಿಕ್ಕಿತು. ‘ಬಾಂಬೆ ಹೈ’ ಎಂಬ ಆ ಎಣ್ಣೆ ಕ್ಷೇತ್ರ 1976ರಲ್ಲಿ ಉತ್ಪಾದನೆ ಆರಂಭಿಸಿತು. ಅದೇ ವರ್ಷ ಸಂಸತ್ತು ಕಡಲ ವಲಯಗಳ ಕಾಯ್ದೆ ತಂದಿತು. ತೀರದಿಂದ 200 ನಾವಿಕ ಮೈಲಿವರೆಗಿನ ಮೀನು, ಎಣ್ಣೆ, ಅನಿಲದ ಮೇಲೆ ನಮಗೆ ಹಕ್ಕು ಬಂತು. ಇಪ್ಪತ್ತು ಲಕ್ಷ ಚದರ ಕಿಲೋಮೀಟರಿಗೂ ಮಿಕ್ಕಿದ ನೀರು ಅದು. ವಿದೇಶಿ ಟ್ರಾಲರುಗಳನ್ನು ಹಿಡಿಯಲು 1981ರಲ್ಲಿ ಪ್ರತ್ಯೇಕ ಕಾನೂನೂ ಆಯಿತು. ಆದರೆ ಕಾನೂನಿನ ಪರವಾಗಿ ಅಲ್ಲಿ ಹೋಗಿ ನಿಲ್ಲಲು ಹಡಗು ಬೇಕಲ್ಲ! 1978ರ ಕಾಯ್ದೆಯಿಂದ ರೂಪುಗೊಂಡ ಕರಾವಳಿ ಕಾವಲು ಪಡೆ ಇನ್ನೂ ಎಳೆಯದು. ಫ್ರಿಗೇಟ್‌ಗಳನ್ನು ಗಸ್ತಿಗೆ ಕಳಿಸುವುದು ದುಬಾರಿ. ಸಣ್ಣ ದೋಣಿಗಳು ದೂರದ ಕಡಲಲ್ಲಿ ಹೆಚ್ಚು ದಿನ ತಾಳವು.

ಹೀಗಾಗಿ ಎರಡರ ನಡುವಿನ ಹಡಗೊಂದನ್ನು ಆರಿಸಲಾಯಿತು. ಸುಕನ್ಯಾ, ಸುಭದ್ರಾ, ಸುವರ್ಣಾ ಕೊರಿಯಾದ ಟಕೋಮಾ ಹಡಗುಕಟ್ಟೆಯಿಂದ ಬಂದವು. ಸಾವಿತ್ರಿ, ಸರಯೂ, ಶಾರದಾ, ಸುಜಾತಾ ವಿಶಾಖಪಟ್ಟಣದ ಹಿಂದುಸ್ತಾನ್ ಶಿಪ್‌ಯಾರ್ಡಿನಲ್ಲಿ ತಯಾರಾದವು. ಮೊದಲನೆಯದು 1989ರಲ್ಲಿ ಸೇವೆಗೆ ಸೇರಿದರೆ ಕೊನೆಯದು 1993ರಲ್ಲಿ. ಉದ್ದ ನೂರು ಮೀಟರಿಗಿಂತ ತುಸು ಹೆಚ್ಚು, ವೇಗ 21 ನಾಟ್, ಮುಂಭಾಗದಲ್ಲಿ 40 ಮಿಲಿಮೀಟರ್ ತೋಪು, ಹಿಂದೆ ಹೆಲಿಕಾಪ್ಟರಿಗೆ ಜಾಗ. ದೊಡ್ಡ ತೋಪಿಗಿಂತ ಹೆಲಿಕಾಪ್ಟರೇ ಇಲ್ಲಿ ಹೆಚ್ಚು ಕೆಲಸಕ್ಕೆ ಬರುವ ಆಯುಧ: ಹಡಗಿನ ಕಣ್ಣಿಗೆ ಬೀಳದ್ದನ್ನು ಅದು ಹುಡುಕಿ ತೋರಿಸುತ್ತದೆ.

ಎಣ್ಣೆಯ ಕಾವಲು, ಮೀನಿನ ಕಾವಲು ಬೇರೆ ಬೇರೆ ಎಂದು ದಡದಲ್ಲಿರುವವರಿಗೆ ತೋರಬಹುದು. ಕಡಲಲ್ಲಿ ಎರಡೂ ಒಂದೇ ಕಡೆ ಸೇರುತ್ತವೆ. ಎಣ್ಣೆ ತೆಗೆಯುವ ವೇದಿಕೆಯ ಉಕ್ಕಿನ ಕಾಲುಗಳಿಗೆ ಚಿಪ್ಪು, ಪಾಚಿ ಅಂಟುತ್ತವೆ. ಅದನ್ನು ಹುಡುಕಿಕೊಂಡು ಮೀನು ಬರುತ್ತದೆ, ಮೀನಿನ ಹಿಂದೆ ಬೋಟು. ವೇದಿಕೆಯ ಸುತ್ತ 500 ಮೀಟರ್ ಒಳಗೆ ಯಾರೂ ಬರಬಾರದು. ಬಲೆ ತುಂಬುವ ಆಸೆಗೆ ಒಳನುಗ್ಗಿದ ಬೋಟಿನ ತಾಂಡೇಲ ಯಾರು, ಕೆಡುಕಿಗೆ ಬಂದವನು ಯಾರು? ರಾಡಾರ್ ಪರದೆಯ ಮೇಲೆ ಇಬ್ಬರೂ ಒಂದೇ ಚುಕ್ಕಿ. ಹತ್ತಿರ ಹೋಗಿ, ಕೂಗಿ ಕರೆದು, ದೋಣಿ ಇಳಿಸಿ, ಕಾಗದಪತ್ರ ನೋಡಿದಾಗಲೇ ಗೊತ್ತಾಗುವುದು.

ಈ ನೌಕೆಗಳ ಪಾಲಿಗೆ ಬಂದ ಕೆಲಸಗಳು ಯೋಜನೆಯಲ್ಲಿದ್ದವಕ್ಕಿಂತ ಹೆಚ್ಚು. 2000ದಲ್ಲಿ ಸುಭದ್ರಾದಿಂದ ‘ಧನುಷ್’ ಕ್ಷಿಪಣಿಯ ಪರೀಕ್ಷೆ ನಡೆಯಿತು. ಅದೇ ವರ್ಷ ಸರಯೂ ಶ್ರೀಲಂಕಾಕ್ಕೆ ಹೋಗಿ ‘ಸಯುರ’ ಆಯಿತು. 2007ರಲ್ಲಿ ಎಲ್‌ಟಿಟಿಇಯ ಶಸ್ತ್ರಾಸ್ತ್ರ ಹಡಗುಗಳನ್ನು ಮುಳುಗಿಸಿದ ಕಾರ್ಯಾಚರಣೆಯಲ್ಲಿ ಪಾಲ್ಗೊಂಡಿತು. 2004ರ ಸುನಾಮಿಯ ಬೆನ್ನಿಗೇ ಶಾರದಾ, ಸುಕನ್ಯಾ ಪರಿಹಾರ ಸಾಮಗ್ರಿ ಹೊತ್ತು ಶ್ರೀಲಂಕಾ ತೀರಕ್ಕೆ ಧಾವಿಸಿದವು. 2021ರಲ್ಲಿ ಸುವರ್ಣಾ ಅರಬ್ಬಿ ಕಡಲಲ್ಲಿ ಮೀನುಗಾರಿಕಾ ದೋಣಿಯೊಂದನ್ನು ತಪಾಸಣೆ ಮಾಡಿದಾಗ 300 ಕಿಲೋಗೂ ಹೆಚ್ಚು ಮಾದಕವಸ್ತು ಸಿಕ್ಕಿತು. 2024ರ ಫೆಬ್ರವರಿಯಲ್ಲಿ ಇರಾನಿನ ‘ಒಮಾರಿ’ ಮೀನುಗಾರಿಕಾ ದೋಣಿಯನ್ನು ಕಡಲ್ಗಳ್ಳರಿಂದ ಶಾರದಾ ಬಿಡಿಸಿತು. ಅದರಲ್ಲಿದ್ದ 19 ಮಂದಿಯಲ್ಲಿ 11 ಇರಾನಿಯರು, 8 ಪಾಕಿಸ್ತಾನಿಯರು. ಮರುತಿಂಗಳು ‘ರುಯೆನ್’ ಹಡಗಿನ 17 ಸಿಬ್ಬಂದಿಯನ್ನು ಬಿಡಿಸಿ 35 ಕಡಲ್ಗಳ್ಳರನ್ನು ಶರಣಾಗಿಸಿದ ಕಾರ್ಯಾಚರಣೆಯಲ್ಲಿ ‘ಕೋಲ್ಕತಾ’ ಯುದ್ಧನೌಕೆಯ ಜೊತೆ ಸುಭದ್ರಾ ಇತ್ತು.

ವಿದೇಶಿ ದೋಣಿಗಳಿಂದ ನಮ್ಮ ಮೀನು ಕಾಯಲು ಕಟ್ಟಿದ ಹಡಗೇ ವಿದೇಶಿ ಮೀನುಗಾರರ ಜೀವ ಉಳಿಸಿತು. ಕಡಲಿನ ಕಾವಲು ಕೊನೆಗೂ ಮನುಷ್ಯರ ಕಾವಲು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇವುಗಳ ನಂತರದ ಪೀಳಿಗೆ ಗೋವಾ ಶಿಪ್‌ಯಾರ್ಡಿನದು. ಶ್ರೀಲಂಕಾಕ್ಕೆ ಹೋದ ಸರಯೂವಿನ ಹೆಸರು ಅದರ ಮೊದಲ ಹಡಗಿಗೆ ಬಂತು. ಅದೇ ವರ್ಗದ ಸುನಯನಾ 2025ರ ಏಪ್ರಿಲ್‌ನಲ್ಲಿ ಒಂಬತ್ತು ಮಿತ್ರರಾಷ್ಟ್ರಗಳ 44 ನಾವಿಕರನ್ನು ಕರೆದುಕೊಂಡು ನಮ್ಮ ಕಾರವಾರದಿಂದಲೇ ಹೊರಟಿತು. ಒಂದು ದೇಶದ ಹಡಗು ಒಂದು ದೇಶದ ನೀರನ್ನಷ್ಟೇ ಕಾಯುವ ಕಾಲ ಕಳೆಯುತ್ತಿದೆ. ಆ ಬದಲಾವಣೆಗೆ ದಾರಿ ಮಾಡಿದವು ಸುಕನ್ಯಾ ವರ್ಗದ ನೌಕೆಗಳು. ವಿಜಯಗಳ ಪಟ್ಟಿಯಲ್ಲಿ ಅವಕ್ಕೆ ದೊಡ್ಡ ಜಾಗ ಸಿಗದಿದ್ದರೂ ಸೇವೆಯ ಪಟ್ಟಿಯಲ್ಲಿ ಮೊದಲ ಸಾಲು ಸಲ್ಲಬೇಕು.