ವಿದ್ಯಾಲಯದ ಶಾಂತಿಯೂ ವಾಕ್‌ಸ್ವಾತಂತ್ರ್ಯವೂ

ಬಳ್ಳಾರಿ ಜಿಲ್ಲೆಯು 1953ನೆಯ ಇಸವಿಯ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೂ ಮದರಾಸಿನ ಆಳ್ವಿಕೆಗೆ ಒಳಪಟ್ಟಿದ್ದಿತಷ್ಟೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ರೂಪನಗುಡಿ, ಕುರುಗೋಡು, ಸಿರುಗುಪ್ಪಗಳ ಕಡೆಯಿಂದ ಉನ್ನತ ವ್ಯಾಸಂಗಕ್ಕೆ ಹೊರಟ ತರುಣನಿಗೆ ತನ್ನ ಪ್ರಾಂತದ ವಿಶ್ವವಿದ್ಯಾನಿಲಯವೆಂದರೆ ಮದರಾಸಿನದೇ. ಆದುದರಿಂದ 1907ರಲ್ಲಿ ಆ ಪ್ರಾಂತದ ಕಾಲೇಜೊಂದರಲ್ಲಿ ನಡೆದ ಸಂಗತಿಯು ಈ ಸೀಮೆಯ ಇತಿಹಾಸಕ್ಕೂ ಸಲ್ಲತಕ್ಕುದಾಗಿದೆ.

ಆ ವರ್ಷದ ಏಪ್ರಿಲ್ ತಿಂಗಳಿನಲ್ಲಿ ಬಂಗಾಳದ ಬಿಪಿನಚಂದ್ರ ಪಾಲರು ರಾಜಮಹೇಂದ್ರಿಯಲ್ಲಿ ಸ್ವದೇಶಿ ಚಳವಳಿಯನ್ನು ಕುರಿತು ಉಪನ್ಯಾಸಗಳನ್ನಿತ್ತರು. ಅವುಗಳಿಂದ ಉತ್ಸಾಹಗೊಂಡ ವಿದ್ಯಾರ್ಥಿಗಳು ‘ವಂದೇ ಮಾತರಂ’ ಎಂಬ ಬಿಲ್ಲೆಗಳನ್ನು ಧರಿಸಿ ತರಗತಿಗೆ ಬಂದರು. ಪ್ರಿನ್ಸಿಪಾಲರಾದ ಮಾರ್ಕ್ ಹಂಟರ್ ಸಾಹೇಬರು ಇದನ್ನು ಶಿಸ್ತಿನ ಭಂಗವೆಂದು ಬಗೆದು ನೂರಕ್ಕೂ ಮಿಕ್ಕ ವಿದ್ಯಾರ್ಥಿಗಳನ್ನು ದಂಡಿಸಿದರು. ಬಳ್ಳಾರಿಗೆ ನೆರೆಯಾದ ಕರ್ನೂಲು ಸೀಮೆಯ ಗಾಡಿಚರ್ಲ ಹರಿಸರ್ವೋತ್ತಮ ರಾಯರು ಕಾಲೇಜಿನಿಂದ ಹೊರಹಾಕಲ್ಪಟ್ಟರು.

ಮರುತಿಂಗಳೇ ಭಾರತ ಸರ್ಕಾರದ ಕಾರ್ಯದರ್ಶಿಯಾದ ರಿಸ್ಲೆ ಸಾಹೇಬರ ಸುತ್ತೋಲೆಯು ಹೊರಟಿತು. 1905ರಲ್ಲಿ ಬಂಗಾಳದಲ್ಲಿ ಹೊರಟಿದ್ದ ಕಾರ್ಲೈಲ್ ಸುತ್ತೋಲೆಯಂತೆಯೇ ಇದೂ ವಿದ್ಯಾರ್ಥಿಗಳನ್ನು ರಾಜಕೀಯದಿಂದ ದೂರವಿರಿಸುವ ಹೊಣೆಯನ್ನು ವಿದ್ಯಾಸಂಸ್ಥೆಗಳ ಮೇಲೆ ಹೊರಿಸಿತು. ತಪ್ಪಿದವರಿಗೆ ಸಹಾಯದ್ರವ್ಯವು ನಿಲ್ಲುವ ಭಯವಿದ್ದಿತು. ಗುರುವಾದವನು ಕಾವಲುಗಾರನಾಗಬೇಕಾಯಿತು. ಇಷ್ಟಾದರೂ ಫಲವೇನು? ಹರಿಸರ್ವೋತ್ತಮ ರಾಯರು ಪತ್ರಿಕೆಯನ್ನು ನಡೆಯಿಸಿ, 1908ರಲ್ಲಿ ರಾಜದ್ರೋಹದ ಆಪಾದನೆಯ ಮೇಲೆ ಸೆರೆಮನೆಯನ್ನು ಸೇರಿದರು, ಮಾತು ನಿಲ್ಲಲಿಲ್ಲ.

ಹಾಗೆಂದು ವಿದ್ಯಾಲಯಕ್ಕೆ ರಕ್ಷಣೆಯ ಕಟ್ಟಳೆಯೇ ಬೇಡವೆನ್ನಲಾಗದು. 1973ರ ನವೆಂಬರಿನಲ್ಲಿ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಭಾಗವನ್ನು ಬೂಸಾ ಎಂದು ಕರೆದಾಗ, ವಿದ್ಯಾರ್ಥಿಗಳ ದೊಡ್ಡ ಗುಂಪುಗಳು ಬೀದಿಗಿಳಿದುವು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದುವು. ಕಡೆಗೆ ಬಸವಲಿಂಗಪ್ಪನವರು ಮಂತ್ರಿಪದವಿಯನ್ನೇ ಬಿಡಬೇಕಾಯಿತು. ಇಲ್ಲಿ ವಾಕ್‌ಸ್ವಾತಂತ್ರ್ಯವನ್ನು ಕುಗ್ಗಿಸಿದುದು ಸುತ್ತೋಲೆಯಲ್ಲ, ಗುಂಪಿನ ಬಲ. ದುರ್ಬಲನ ಮಾತಿಗೆ ಕಟ್ಟಳೆಯೇ ಆಸರೆಯಾಗಬೇಕಾದ ಸಂದರ್ಭವಿದು.

ಈ ಎರಡು ಅಪಾಯಗಳ ನಡುವಣ ದಾರಿಯನ್ನು ರಾಜ್ಯಾಂಗವು ತೋರಿಸಿದೆ. 1950ರಿಂದ 19ನೆಯ ಅನುಚ್ಛೇದವು ವಾಕ್‌ಸ್ವಾತಂತ್ರ್ಯವನ್ನು ಪೌರರ ಹಕ್ಕೆಂದು ಎಣಿಸಿತು. 1951ರ ಮೊದಲನೆಯ ತಿದ್ದುಪಡಿಯು ಸಾರ್ವಜನಿಕ ಶಾಂತಿಗಾಗಿ ನಿರ್ಬಂಧಗಳನ್ನು ಒಪ್ಪಿತಾದರೂ, ಅವು ಯುಕ್ತವಾಗಿರಬೇಕೆಂದು ವಿಧಿಸಿತು. 2015ರಲ್ಲಿ ಶ್ರೇಯಾ ಸಿಂಘಾಲ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಚರ್ಚೆ, ಪ್ರತಿಪಾದನೆ, ಪ್ರಚೋದನೆಗಳೆಂದು ಮೂರನ್ನು ವಿಂಗಡಿಸಿ, ಮಾತು ಪ್ರಚೋದನೆಯ ಮಟ್ಟವನ್ನು ಮುಟ್ಟಿದಾಗ ಮಾತ್ರ ನಿರ್ಬಂಧಕ್ಕೆ ಎಡೆಯುಂಟೆಂದು ನಿರ್ಣಯಿಸಿತು. ಕೇಳುವವರಿಗೆ ಎಷ್ಟೇ ಅಪ್ರಿಯವಾದರೂ ಮೊದಲಿನೆರಡು ಹಕ್ಕಿನ ಒಳಗಿನವೇ.

2010ರಲ್ಲಿ ಬಳ್ಳಾರಿಗೆ ಶ್ರೀಕೃಷ್ಣದೇವರಾಯರ ಹೆಸರಿನ ವಿಶ್ವವಿದ್ಯಾನಿಲಯವು ಪ್ರಾಪ್ತವಾಯಿತು. ವ್ಯಾಸಂಗಕ್ಕಾಗಿ ಮದರಾಸಿನ ಕಡೆಗೆ ನೋಡಬೇಕಾಗಿದ್ದ ಸೀಮೆಗೆ ಇದು ಸಣ್ಣ ಭಾಗ್ಯವಲ್ಲ. ಇಂತಹ ವಿದ್ಯಾಲಯಗಳಿಗೆ ಕಟ್ಟಳೆಗಳನ್ನು ರಚಿಸುವವರು ರಾಜಮಹೇಂದ್ರಿಯನ್ನೂ ಮೈಸೂರನ್ನೂ ಒಟ್ಟಿಗೆ ನೆನೆಯಬೇಕು. ಬಿಲ್ಲೆ ಧರಿಸಿದವನನ್ನು ದಂಡಿಸುವ ನಿಯಮವು ಹೇಗೆ ಅನ್ಯಾಯವೋ, ಹಲ್ಲೆಯನ್ನು ತಡೆಯಲಾರದ ನಿಯಮವೂ ಹಾಗೆಯೇ ನಿಷ್ಫಲವೆಂಬುದರಲ್ಲಿ ಸಂದೇಹವಿಲ್ಲ.