ಖಳನಿಗೂ ಒಂದು ಕೊನೆಯ ಜನ್ಮ

ನಾಯಕ ಸತ್ತು ಮತ್ತೆ ಹುಟ್ಟುತ್ತಾನೆ, ಅವನ ಬೆನ್ನಿಗೇ ಅವನ ಹಗೆಯೂ ಹುಟ್ಟುತ್ತಾನೆ. ಫ್ಯಾಂಟಸಿ ವಿಡಿಯೋ ಗೇಮ್‌ಗಳ ಕಥೆಗಳಿಗೆ ಇವತ್ತು ಬಂಡವಾಳವಾಗಿರುವ ಈ ಕಲ್ಪನೆ ಹಾಸನ ಸೀಮೆಗೆ ಹೊಸದಲ್ಲ. ಹತ್ತನೆಯ ಶತಮಾನದಿಂದ ಅದು ಇಲ್ಲಿ ಪುರಾಣ, ಬಸದಿ, ದೇಗುಲ, ನಾಟಕಗಳಲ್ಲಿ ಬೆಳೆಯುತ್ತ ಬಂದಿದೆ. ಈ ಬೆಳವಣಿಗೆಯನ್ನು ಉದ್ದಕ್ಕೂ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಇಲ್ಲಿನ ಕಥೆಗಳಲ್ಲಿ ಖಳತನ ಒಂದು ಜೀವ ಹಾದುಹೋಗುವ ಘಟ್ಟ, ಬಹುತೇಕ ಗೇಮ್‌ಗಳಲ್ಲಿ ಅದು ಕಳಚಲಾಗದ ವೇಷ.

ಸ್ಥಾನ ಒಂದೇ, ಜೀವ ಬೇರೆ

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ 58 ಅಡಿ ಎತ್ತರದ ಗೊಮ್ಮಟನನ್ನು ನಿಲ್ಲಿಸಿದ ಗಂಗರ ಮಂತ್ರಿ ಚಾವುಂಡರಾಯ, 978ರಲ್ಲಿ ಕನ್ನಡ ಗದ್ಯದಲ್ಲಿ ‘ತ್ರಿಷಷ್ಟಿಲಕ್ಷಣ ಮಹಾಪುರಾಣ’ವನ್ನು ಬರೆದ. ಚಾವುಂಡರಾಯ ಪುರಾಣವೆಂದೇ ಹೆಸರಾದ ಈ ಗ್ರಂಥದಲ್ಲಿ 63 ಮಹಾಪುರುಷರಿದ್ದಾರೆ: 24 ತೀರ್ಥಂಕರರು, 12 ಚಕ್ರವರ್ತಿಗಳು, 9 ಬಲದೇವರು, 9 ವಾಸುದೇವರು, 9 ಪ್ರತಿವಾಸುದೇವರು. ಕಾಲಚಕ್ರದ ಒಂದೊಂದು ಅರ್ಧಸುತ್ತಿನಲ್ಲೂ ಈ ಸ್ಥಾನಗಳು ಮತ್ತೆ ಭರ್ತಿಯಾಗುತ್ತವೆ, ಆದರೆ ಬಂದು ಕೂರುವ ಜೀವಗಳು ಬೇರೆ.

ಗಮನಿಸಬೇಕಾದ್ದು ಪ್ರತಿವಾಸುದೇವರನ್ನು. ಅವರು ನಾಯಕನಾದ ವಾಸುದೇವನ ಎದುರಾಳಿಗಳು. ಆದರೂ ಮಹಾಪುರುಷರ ಎಣಿಕೆಯಲ್ಲಿ ಅವರಿಗೂ ಪಾಲಿದೆ. ರಾವಣ ಎಂಟನೆಯ ಪ್ರತಿವಾಸುದೇವ. ಜೈನ ರಾಮಾಯಣದಲ್ಲಿ ಅವನನ್ನು ಕೊಲ್ಲುವವನು ರಾಮನಲ್ಲ, ವಾಸುದೇವನಾದ ಲಕ್ಷ್ಮಣ. ಕೊಂದ ಕರ್ಮಕ್ಕೆ ಲಕ್ಷ್ಮಣನೂ ನರಕ ಕಾಣಬೇಕು. ರಾವಣನಾದರೋ ಮುಂದೊಂದು ಕಾಲಕ್ಕೆ ತೀರ್ಥಂಕರನಾಗುವವನು. ನಾಗಚಂದ್ರನ ‘ರಾಮಚಂದ್ರಚರಿತ ಪುರಾಣ’ದ ರಾವಣ ಕ್ರೂರಿಗಿಂತ ಹೆಚ್ಚಾಗಿ ದುರಂತ ನಾಯಕನಾಗಿ ಕಾಣುವುದಕ್ಕೆ ಹಿನ್ನೆಲೆ ಇದೇ.

ಹಗೆಯ ಭವಾವಳಿ

ಇನ್ನೊಂದು ಬಗೆಯಲ್ಲಿ ಅದೇ ಎರಡು ಜೀವಗಳು ಜನ್ಮದಿಂದ ಜನ್ಮಕ್ಕೆ ಎದುರಾಗುತ್ತವೆ. ಪಂಪ 941ರಲ್ಲಿ ರಚಿಸಿದ ‘ಆದಿಪುರಾಣ’ದ ಭವಾವಳಿಯಲ್ಲಿ, ಅಂದರೆ ಜನ್ಮಗಳ ಸಾಲಿನಲ್ಲಿ, ಲಲಿತಾಂಗ ಮತ್ತು ಸ್ವಯಂಪ್ರಭೆ ಮುಂದೆ ವಜ್ರಜಂಘ ಮತ್ತು ಶ್ರೀಮತಿಯಾಗಿ ಹುಟ್ಟುತ್ತಾರೆ. ಅಲ್ಲಿ ಜನ್ಮ ದಾಟಿ ಬರುವುದು ಪ್ರೀತಿ. ತೀರ್ಥಂಕರ ಪಾರ್ಶ್ವನಾಥನ ಕಥೆಯಲ್ಲಿ ದಾಟಿ ಬರುವುದು ದ್ವೇಷ.

ಪೌದನಪುರದ ಮರುಭೂತಿ ಮತ್ತು ಕಮಠ ಅಣ್ಣತಮ್ಮಂದಿರು. ತಮ್ಮನ ಹೆಂಡತಿಗೆ ಕಣ್ಣು ಹಾಕಿ ಊರಿನಿಂದ ಹೊರಬಿದ್ದ ಕಮಠ, ರಾಜಿಯಾಗಲು ಬಂದ ಮರುಭೂತಿಯ ತಲೆಯ ಮೇಲೆಯೇ ಕಲ್ಲು ಹಾಕಿ ಕೊಲ್ಲುತ್ತಾನೆ. ಮರುಭೂತಿ ಆನೆಯಾಗಿ ಹುಟ್ಟಿದರೆ ಕಮಠ ಹಾವಾಗಿ ಕಚ್ಚುತ್ತಾನೆ. ಮುಂದಿನ ಜನ್ಮಗಳಲ್ಲಿ ಅವನು ಹೆಬ್ಬಾವು, ಬೇಡ, ಸಿಂಹ. ಕೊನೆಗೆ ಮರುಭೂತಿಯ ಜೀವ ಪಾರ್ಶ್ವನಾಥನಾಗಿ ತಪಸ್ಸಿಗೆ ನಿಂತಾಗ, ಕಮಠನ ಜೀವ ಶಂಬರನೆಂಬ ದೇವನಾಗಿ ಏಳು ದಿನ ಮಳೆ ಸುರಿಸಿ ಬಿರುಗಾಳಿ ಎಬ್ಬಿಸುತ್ತದೆ. ನಾಗರಾಜ ಧರಣೇಂದ್ರ ಹೆಡೆಯೆತ್ತಿ ಕಾಯುತ್ತಾನೆ. ಪಾರ್ಶ್ವನಾಥ ತಿರುಗಿ ಹೊಡೆಯುವುದಿಲ್ಲ. ಸರಪಳಿ ಅಲ್ಲಿಗೆ ತುಂಡಾಗುತ್ತದೆ, ಶಂಬರನಿಗೂ ಸಮ್ಯಕ್ತ್ವ, ಅಂದರೆ ಸರಿಯಾದ ಶ್ರದ್ಧೆ, ದೊರೆಯುತ್ತದೆ. ಬೊಪ್ಪ 1133ರಲ್ಲಿ ಹಳೇಬೀಡಿನಲ್ಲಿ ಕಟ್ಟಿಸಿದ ಬಸದಿಯಲ್ಲೂ, ಆಚಿಯಕ್ಕ 1181ರಲ್ಲಿ ಬೆಳಗೊಳದಲ್ಲಿ ಕಟ್ಟಿಸಿದ ಅಕ್ಕನ ಬಸದಿಯಲ್ಲೂ ಪಾರ್ಶ್ವನಾಥನ ತಲೆಯ ಮೇಲಿರುವ ಹೆಡೆಗಳಿಗೆ ಈ ಕಥೆಯೇ ಮೂಲ.

ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಜನ್ನ ‘ಯಶೋಧರ ಚರಿತೆ’ಯಲ್ಲಿ (1209) ಹೊರಗಿನ ಖಳನ ಅಗತ್ಯವನ್ನೇ ತಗ್ಗಿಸಿದ. ತಾಯಿಯ ಒತ್ತಾಯಕ್ಕೆ ಮಗ ಹಿಟ್ಟಿನ ಕೋಳಿಯೊಂದನ್ನು ಬಲಿ ಕೊಡುತ್ತಾನೆ. ಆ ಸಂಕಲ್ಪಹಿಂಸೆಯೊಂದೇ ಇಬ್ಬರನ್ನೂ ನವಿಲು, ನಾಯಿ ಮುಂತಾದ ಜನ್ಮಗಳಲ್ಲಿ ಅಲೆಸಲು ಸಾಕಾಗುತ್ತದೆ.

ಶಾಪದ ಮೂರು ಜನ್ಮ

ಭಾಗವತ ಪರಂಪರೆ ಕರ್ಮದ ಜಾಗದಲ್ಲಿ ಶಾಪವನ್ನು ತಂದಿತು. ಸನಕಾದಿ ಮುನಿಗಳ ಕೋಪಕ್ಕೆ ಗುರಿಯಾದ ವೈಕುಂಠದ ಬಾಗಿಲುಭಟರು ಜಯ ವಿಜಯರು. ಭಕ್ತರಾಗಿ ಏಳು ಜನ್ಮವೋ ಹಗೆಗಳಾಗಿ ಮೂರು ಜನ್ಮವೋ ಎಂಬ ಆಯ್ಕೆಯಲ್ಲಿ ಅವರು ಹಗೆತನವನ್ನೇ ಒಪ್ಪಿದರೆಂಬುದು ಜನಪ್ರಿಯ ಕಥೆ. ಬೇಗ ಮನೆ ಸೇರುವ ಆತುರ. ಹಿರಣ್ಯಾಕ್ಷ ಹಿರಣ್ಯಕಶಿಪು, ರಾವಣ ಕುಂಭಕರ್ಣ, ಶಿಶುಪಾಲ ದಂತವಕ್ತ್ರ, ಮೂರು ಯುಗಕ್ಕೆ ಮೂರು ಜೋಡಿ. ಬೊಮ್ಮಣ್ಣ ದಂಡನಾಯಕ 1246ರಲ್ಲಿ ಕಟ್ಟಿಸಿದ ನುಗ್ಗೇಹಳ್ಳಿಯ ಗುಡಿಯಲ್ಲೂ ಹೇಮಾವತಿ ದಂಡೆಯ ಹೊಳೆನರಸೀಪುರದಲ್ಲೂ ಪೂಜೆಗೊಳ್ಳುವ ಲಕ್ಷ್ಮೀನರಸಿಂಹ ಈ ಸರಣಿಯ ಮೊದಲ ಘಟ್ಟದವನು. ಎರಡನೆಯ ಘಟ್ಟದ ನೆನಪು ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿದೆ. ಕಾವೇರಿ ದಡದ ಅಲ್ಲಿನ ಲಿಂಗವನ್ನು ರಾಮನೇ ಸ್ಥಾಪಿಸಿದನೆಂಬುದು ಸ್ಥಳದ ನಂಬಿಕೆ.

ಕಥೆ ರಂಗಕ್ಕೂ ತೆರೆಗೂ ಬಂದಾಗ ಖಳನ ತೂಕ ಇಳಿಯಲಿಲ್ಲ. ಈ ಭಾಗದ ಹಳ್ಳಿಗಳಲ್ಲಿ ಹಾರ್ಮೋನಿಯಂ ಮೇಷ್ಟ್ರು ಕಲಿಸುವ ‘ಕುರುಕ್ಷೇತ್ರ’ದಲ್ಲಿ ದುರ್ಯೋಧನನ ಪಾತ್ರಕ್ಕೆ ಪೈಪೋಟಿ ಇದ್ದೇ ಇರುತ್ತದೆ. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಹಿರಣ್ಯಕಶಿಪುವಾದದ್ದು ಕನ್ನಡದ ಮೆಚ್ಚಿನ ನಾಯಕ ರಾಜ್‌ಕುಮಾರ್.

ಗೇಮ್‌ಗಳ ಕೊನೆಯಿಲ್ಲದ ಚಕ್ರ

ಜಪಾನಿನ ನಿಂಟೆಂಡೊ 1986ರಲ್ಲಿ ಶುರುಮಾಡಿದ ‘ದಿ ಲೆಜೆಂಡ್ ಆಫ್ ಜೆಲ್ಡಾ’ ಸರಣಿಯಲ್ಲಿ ಲಿಂಕ್ ಎಂಬ ವೀರ, ಜೆಲ್ಡಾ ಎಂಬ ರಾಜಕುಮಾರಿ, ಗ್ಯಾನನ್ ಎಂಬ ದುಷ್ಟ ಮತ್ತೆ ಮತ್ತೆ ಬರುತ್ತಾರೆ. ಇದಕ್ಕೊಂದು ಮೂಲಕಥೆ ಸಿಕ್ಕಿದ್ದು 2011ರ ‘ಸ್ಕೈವರ್ಡ್ ಸ್ವೋರ್ಡ್’ನಲ್ಲಿ: ಸೋತ ಅಸುರರಾಜ ಡಿಮೈಸ್ ತನ್ನ ದ್ವೇಷ ಮತ್ತೆ ಮತ್ತೆ ಹುಟ್ಟಿ ಬೆನ್ನಟ್ಟಲೆಂದು ಶಪಿಸುತ್ತಾನೆ. ಕಮಠನ ಹಗೆಗೆ ಇದು ತೀರ ಹತ್ತಿರ, ಆದರೆ ಇದಕ್ಕೆ ಗಡುವಿಲ್ಲ. ಅದೇ ಸರಣಿಯ ‘ವಿಂಡ್ ವೇಕರ್’ನಲ್ಲಿ ಗ್ಯಾನನ್‌ನ ಮಾನವರೂಪವಾದ ಗ್ಯಾನನ್‌ಡಾರ್ಫ್ ತನ್ನ ನಾಡಿನ ಸಾವು ಹೊತ್ತ ಗಾಳಿಯನ್ನು ನೆನೆದು ಮಾತಾಡುವಾಗ ಅವನ ಅಳಲು ತಟ್ಟುತ್ತದೆ, ಆದರೂ ಅವನಿಗೆ ಬಿಡುಗಡೆ ಸಿಗುವುದಿಲ್ಲ. 2002ರ ‘ಮಾರೋವಿಂಡ್’ ಗೇಮ್ ಬೇರೆ ದಾರಿ ಹಿಡಿಯಿತು. ಆಟಗಾರ ನಿಜಕ್ಕೂ ಹಳೆಯ ವೀರನ ಪುನರ್ಜನ್ಮವೋ, ಇಲ್ಲ ತನ್ನ ಕೆಲಸಗಳಿಂದ ಆ ಸ್ಥಾನಕ್ಕೇರಿದವನೋ ಎಂಬುದನ್ನು ಅದು ಬಿಡಿಸಿ ಹೇಳುವುದಿಲ್ಲ. ಇದು ಚಾವುಂಡರಾಯನ ಪಟ್ಟಿಗೆ ಹತ್ತಿರದ ಯೋಚನೆ.

ಪುರಾಣದ ಖಳನಿಗೆ ಬಿಡುಗಡೆ ಸಿಕ್ಕಿ ಗೇಮ್‌ನ ಖಳನಿಗೆ ಸಿಗದಿರುವ ವ್ಯತ್ಯಾಸಕ್ಕೆ ವ್ಯಾಪಾರವೂ ಒಂದು ಕಾರಣ. ಮುಂದಿನ ಭಾಗ ಮಾರಾಟವಾಗಬೇಕಾದರೆ ಹಗೆ ಉಳಿದಿರಬೇಕು. ಪುರಾಣಕಾರನಿಗೆ ಆ ಒತ್ತಡವಿರಲಿಲ್ಲ. ಅವನು ಜನ್ಮಗಳನ್ನು ಎಣಿಸಿದ್ದೇ ಎಣಿಕೆ ಮುಗಿಯಲಿ ಎಂದು. ಈ ನೆಲದ ಕಥೆಗಳಿಂದ ಗೇಮ್ ಕಟ್ಟಲು ಹೊರಡುವ ಕನ್ನಡದ ಯುವಕರು ಹೆಡೆ, ಗದೆ, ಕಿರೀಟಗಳನ್ನಷ್ಟೇ ಎತ್ತಿಕೊಂಡರೆ ನಷ್ಟ. ಎದುರಾಳಿಯನ್ನು ಸೋಲಿಸುವುದರ ಬದಲು ಅವನ ಹಗೆತನವನ್ನು ಕೊನೆಗಾಣಿಸುವುದೇ ಕೊನೆಯ ಹಂತವಾದ ಆಟವೊಂದನ್ನು ಅವರು ಮಾಡಬಹುದು. ಅದಕ್ಕೆ ಬೇಕಾದ ಕಥೆ ಬೆಳಗೊಳದಲ್ಲಿ ಸಿದ್ಧವಾಗಿಯೇ ಇದೆ.