ಶಿಡ್ಲಘಟ್ಟದ ಗೂಡಿನಲ್ಲಿ ವಂಶದ ಲಿಪಿ

ಡಿಎನ್‌ಎ ಎಂದೊಡನೆ ನಮ್ಮ ಜನರಿಗೆ ನೆನಪಾಗುವುದು ಕೋರ್ಟಿನ ಪಿತೃತ್ವ ಪರೀಕ್ಷೆ, ಇಲ್ಲವೇ ಕೊಲೆ ಪ್ರಕರಣದ ತನಿಖೆ. ಅದು ನಮಗೆ ಸಂಬಂಧಿಸಿದ್ದಲ್ಲ, ದೊಡ್ಡ ಪ್ರಯೋಗಾಲಯಗಳಲ್ಲಿ ಓದಿದವರು ಮಾತಾಡಿಕೊಳ್ಳುವ ಸಂಗತಿ ಎಂದು ಸುಮ್ಮನಾಗುತ್ತೇವೆ. ಆದರೆ ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರು ತಾಲ್ಲೂಕುಗಳಲ್ಲಿ ಹುಳು ಸಾಕುವ ರೈತನಿಗೂ, ಗೂಡು ಬಿಚ್ಚುವ ರೀಲರನಿಗೂ ತಳಿಶಾಸ್ತ್ರವೇ ಅನ್ನ. ಅವರು ಅದನ್ನು ಆ ಹೆಸರಿನಿಂದ ಕರೆಯುವುದಿಲ್ಲ, ಅಷ್ಟೆ.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಎರಡು ಬಗೆಯ ಗೂಡು ಕಾಣುತ್ತವೆ. ಒಂದು ಅಚ್ಚ ಬಿಳುಪು, ಅದು ದ್ವಿತಳಿ. ಇನ್ನೊಂದು ಹಳದಿ, ಅದು ಮಿಶ್ರತಳಿ. ಈ ಹಳದಿ ಗೂಡಿನ ತಾಯಿ ನಮ್ಮ ಮೈಸೂರು ತಳಿ. ತಂದೆ ಸಿಎಸ್‌ಆರ್-2 ಎಂಬ ಬಿಳಿ ಗೂಡಿನ ತಳಿ. ಇದು 1990ರ ದಶಕದಲ್ಲಿ ಜಪಾನಿನ ನೆರವಿನೊಂದಿಗೆ ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡಿತು. ತಂದೆ ಬಿಳಿ, ತಾಯಿ ಹಳದಿ, ಮಕ್ಕಳೆಲ್ಲ ಹಳದಿ. ಹಾಗಾದರೆ ತಂದೆಯ ಬಿಳುಪು ಎಲ್ಲಿ ಹೋಯಿತು? ಈ ಸಣ್ಣ ಪ್ರಶ್ನೆಯ ಹಿಂದೆ ಒಂದು ದೊಡ್ಡ ಚರಿತ್ರೆಯಿದೆ.

ರೇಷ್ಮೆ ಎಂಬ ಮಾತೇ ಪಾರಸಿಯ ರೇಶಮ್‌ನಿಂದ ಬಂದದ್ದು. ಮೈಸೂರು ಸೀಮೆಗೆ ಹುಳು ಸಾಕಣೆ ಬಂದದ್ದು ಟಿಪ್ಪು ಸುಲ್ತಾನನ ಕಾಲದಲ್ಲಿ. 1780ರ ದಶಕದಲ್ಲಿ ಅವನು ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆದ ಪತ್ರವೊಂದು ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಸಂಗ್ರಹದಲ್ಲಿ ಸಿಗುತ್ತದೆ. ರೇಷ್ಮೆ ಹುಳು ತರಲು ಬಂಗಾಳಕ್ಕೆ ಹೋದ ಬಹಾವುದ್ದೀನ್ ಮತ್ತು ಕಸ್ತೂರಿ ರಂಗ ಎಂಬಿಬ್ಬರು ಹಿಂತಿರುಗುತ್ತಿದ್ದಾರೆ, ಹುಳು ಇಡಲು ಯಾವ ಜಾಗ ಸರಿ ಎಂದು ಅವರನ್ನೇ ಕೇಳಿ ತಿಳಿದುಕೋ ಎಂಬುದು ಅದರ ಸಾರಾಂಶ. ನಮ್ಮ ಸೀಮೆಯ ರೇಷ್ಮೆಗೆ ಈ ಇಬ್ಬರೂ ಹಿರಿಯರು. ಅವರ ನಂತರ ಇಲ್ಲಿನ ಬಿಸಿಲು, ಇಲ್ಲಿನ ಹಿಪ್ಪುನೇರಳೆಗೆ ಒಗ್ಗಿಕೊಂಡು, ಪೀಳಿಗೆಯಿಂದ ಪೀಳಿಗೆಗೆ ಸಾಗಿ ಬಂದದ್ದೇ ಮೈಸೂರು ತಳಿ. ಬಿಸಿಲಿಗೂ ರೋಗಕ್ಕೂ ಜಗ್ಗದ ಜೀವ. ಆದರೆ ಗೂಡು ಸಣ್ಣದು. ದ್ವಿತಳಿ ಗೂಡಿನಲ್ಲಿ ಸಾವಿರ ಮೀಟರ್ ಎಳೆ ಬಿಚ್ಚಿದರೆ ಇದರಲ್ಲಿ ಅದರ ಅರ್ಧವೂ ಬರುವುದಿಲ್ಲ.

ಬಿಳುಪಿನ ಪ್ರಶ್ನೆಗೆ ಉತ್ತರ ಹುಡುಕಿದವರು ಜಪಾನಿನ ತೋಯಾಮಾ ಕಮೆತಾರೊ. ಆಸ್ಟ್ರಿಯಾದ ಪಾದ್ರಿ ಮೆಂಡಲ್ ಬಟಾಣಿ ಗಿಡಗಳಲ್ಲಿ ಕಂಡುಕೊಂಡ ನಿಯಮಗಳನ್ನು 1866ರಲ್ಲೇ ಪ್ರಕಟಿಸಿದ್ದರೂ ಜಗತ್ತು ಅವನ್ನು ಗಮನಿಸಿದ್ದು 1900ರಲ್ಲಿ. ಆ ಹೊತ್ತಿಗೆ ಸಯಾಂ ದೇಶದಲ್ಲಿ, ಅಂದರೆ ಇಂದಿನ ಥಾಯ್ಲೆಂಡಿನಲ್ಲಿ, ಕೆಲಸ ಮಾಡಿದ ತೋಯಾಮಾ ಅಲ್ಲಿನ ಹಳದಿ ಗೂಡಿನ ಹುಳುವನ್ನು ಬಿಳಿ ಗೂಡಿನದರೊಂದಿಗೆ ಕೂಡಿಸಿದರು. ಮಕ್ಕಳೆಲ್ಲ ಹಳದಿ. ಆ ಮಕ್ಕಳನ್ನೇ ತಮ್ಮತಮ್ಮಲ್ಲಿ ಕೂಡಿಸಿದಾಗ ಮೂರು ಹಳದಿಗೆ ಒಂದು ಬಿಳಿ. ಬಿಳುಪು ಸತ್ತಿರಲಿಲ್ಲ, ಅಡಗಿ ಕೂತಿತ್ತು! 1906ರಲ್ಲಿ ಪ್ರಕಟವಾದ ಈ ಅಧ್ಯಯನ, ಮೆಂಡಲನ ನಿಯಮ ಪ್ರಾಣಿಗಳಿಗೂ ಅನ್ವಯಿಸುತ್ತದೆಂದು ತೋರಿಸಿದ ಮೊದಲ ಕೆಲವು ಅಧ್ಯಯನಗಳಲ್ಲಿ ಒಂದು.

ತೋಯಾಮಾ ಇನ್ನೊಂದನ್ನೂ ಗಮನಿಸಿದರು. ಎರಡು ಬೇರೆ ತಳಿಗಳನ್ನು ಕೂಡಿಸಿದ ಮೊದಲ ಪೀಳಿಗೆ ತಾಯಿ ತಂದೆ ಇಬ್ಬರಿಗಿಂತ ಗಟ್ಟಿಮುಟ್ಟು. ಜಪಾನ್ ಈ ಮಾತನ್ನು ನಂಬಿ ತನ್ನ ರೈತರಿಗೆ ಮಿಶ್ರ ಮೊಟ್ಟೆಗಳನ್ನು ಹಂಚಿತು. ಮೈಸೂರು ಸಂಸ್ಥಾನವೂ ಹಿಂದುಳಿಯಲಿಲ್ಲ. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಇಟಲಿಯ ತಜ್ಞ ವಾಷಿಂಗ್ಟನ್ ಮಾರಿಯವರ ನೆರವಿನಿಂದ ಚನ್ನಪಟ್ಟಣದಲ್ಲಿ ರೇಷ್ಮೆ ಫಾರಂ ಆರಂಭವಾಯಿತು. 1920ರ ದಶಕದಿಂದ ಮೈಸೂರು ತಳಿಗೆ ವಿದೇಶಿ ತಳಿಗಳನ್ನು ಕೂಡಿಸಿದ ಮೊಟ್ಟೆಗಳು ಇಲ್ಲಿಯೂ ಹರಡತೊಡಗಿದವು.

ಇಲ್ಲೊಂದು ಸೂಕ್ಷ್ಮವಿದೆ. ಮಿಶ್ರತಳಿಯಲ್ಲಿ ತಾಯಿ ಮೈಸೂರೇ ಏಕೆ? ದ್ವಿತಳಿ ಚಿಟ್ಟೆಯ ಮೊಟ್ಟೆ ತಿಂಗಳುಗಟ್ಟಲೆ ನಿದ್ದೆಗೆ ಜಾರುತ್ತದೆ. ಅದನ್ನು ಎಬ್ಬಿಸಲು ಆಸಿಡ್ ಉಪಚಾರ, ಶೀತಲಗೃಹ ಬೇಕು. ಮೈಸೂರು ತಳಿಯ ಮೊಟ್ಟೆ ಹತ್ತು ದಿನಕ್ಕೆ ಒಡೆಯುತ್ತದೆ. ಮೊಟ್ಟೆ ಮಲಗಬೇಕೋ ಏಳಬೇಕೋ ಎಂಬುದು ತಾಯಿಯ ಕಡೆಯಿಂದಲೇ ತೀರ್ಮಾನವಾಗುವ ಗುಣ. ಆದ್ದರಿಂದ ತಾಯಿ ಮೈಸೂರು, ತಂದೆ ಸಿಎಸ್‌ಆರ್-2. ತಾಯಿಯಿಂದ ತಾಳಿಕೆ, ತಂದೆಯಿಂದ ಉದ್ದನೆಯ ಎಳೆ.

ರೈತ ತನ್ನ ಮನೆಯ ಗೂಡಿನಿಂದಲೇ ಮೊಟ್ಟೆ ಇಡಿಸಿಕೊಂಡು ಮುಂದಿನ ಬೆಳೆ ತೆಗೆಯಬಾರದೇ ಎಂದು ಕೇಳುವವರಿದ್ದಾರೆ. ಉತ್ತರ ತೋಯಾಮಾರ ಲೆಕ್ಕದಲ್ಲೇ ಇದೆ. ಮೊಮ್ಮಕ್ಕಳ ಪೀಳಿಗೆಯಲ್ಲಿ ಗುಣಗಳೆಲ್ಲ ಚದುರಿಹೋಗುತ್ತವೆ. ಒಂದು ಹುಳು ಇಂದು ಹಣ್ಣಾದರೆ ಇನ್ನೊಂದು ಎರಡು ದಿನ ಬಿಟ್ಟು. ಒಂದು ಗೂಡು ದಪ್ಪ, ಒಂದು ತೆಳು. ಅಂಥ ಲಾಟಿಗೆ ಹರಾಜಿನಲ್ಲಿ ಬೆಲೆ ಬರುವುದಿಲ್ಲ. ಜೊತೆಗೆ ತಾಯಿಯಿಂದ ಮೊಟ್ಟೆಗೆ ದಾಟುವ ಗಂಟುರೋಗದ ಭಯ. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸುವ ಕ್ರಮವನ್ನು 1860ರ ದಶಕದಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಕಂಡುಹಿಡಿದರು. ಇಂದಿಗೂ ಬಿತ್ತನೆ ಕೋಠಿಗಳಲ್ಲಿ ನಡೆಯುವುದು ಅದೇ ಪರೀಕ್ಷೆ. ಆದ್ದರಿಂದ ಪ್ರತಿ ಬೆಳೆಗೂ ರೋಗರಹಿತ ಹೊಸ ಮೊಟ್ಟೆ ಬೇಕು.

ತೋಯಾಮಾ ಕಣ್ಣಿಂದ ಕಂಡದ್ದನ್ನು ಡಿಎನ್‌ಎಯಲ್ಲಿ ಓದಿದ್ದು ನೂರು ವರ್ಷಗಳ ನಂತರ. ಡಿಎನ್‌ಎ ಎಂಬುದು ನಾಲ್ಕೇ ಅಕ್ಷರಗಳ ಲಿಪಿ. ರೇಷ್ಮೆ ಹುಳುವಿನ 28 ಜೊತೆ ವರ್ಣತಂತುಗಳಲ್ಲಿ ಸುಮಾರು 43 ಕೋಟಿ ಅಕ್ಷರಗಳಿವೆ. ಇವುಗಳ ಮೊದಲ ಕರಡನ್ನು ಜಪಾನ್ ಮತ್ತು ಚೀನಾದ ತಂಡಗಳು ಬೇರೆಬೇರೆಯಾಗಿ 2004ರಲ್ಲಿ ಪ್ರಕಟಿಸಿದವು. 2007ರಲ್ಲಿ ಹಳದಿಯ ಗುಟ್ಟು ಬಯಲಾಯಿತು. ಸೊಪ್ಪಿನ ಹಳದಿ ಬಣ್ಣವನ್ನು ಕರುಳಿನಿಂದ ರಕ್ತಕ್ಕೆ ಸಾಗಿಸುವ ಪ್ರೋಟೀನನ್ನು ಒಂದು ವಂಶವಾಹಿ ತಯಾರಿಸುತ್ತದೆ. ಬಣ್ಣವಿಲ್ಲದ ಹುಳುಗಳಲ್ಲಿ ಆ ವಂಶವಾಹಿಯ ಒಂದು ತುಣುಕು ಕಳೆದುಹೋಗಿದೆ. ತಾಯಿ ತಂದೆಗಳಲ್ಲಿ ಒಬ್ಬರಿಂದ ಸರಿಯಾದ ಪ್ರತಿ ಬಂದರೂ ಸಾಕು, ಬಣ್ಣ ಸಾಗುತ್ತದೆ. ಗೂಡಿನ ಹಸಿರು ಛಾಯೆಗೆ ಬೇರೆ ವಂಶವಾಹಿಗಳಿವೆ.

ಹುಳುವಿನಲ್ಲಿ ಗಂಡೋ ಹೆಣ್ಣೋ ಎಂದು ತೀರ್ಮಾನಿಸುವುದು ತಾಯಿಯಿಂದ ಬರುವ ವರ್ಣತಂತು. ಮನುಷ್ಯರಲ್ಲಿ ಇದು ತಿರುಗುಮುರುಗು, ತೀರ್ಮಾನ ತಂದೆಯದು. ಹೆಣ್ಣು ಹೆತ್ತಳೆಂದು ಸೊಸೆಯನ್ನು ಹಂಗಿಸುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಹಿಂದೂ ಮುಸ್ಲಿಂ ಎಂಬ ಭೇದ ಅಲ್ಲಿಲ್ಲ! ಆ ಮನೆಗಳಿಗೆ ಇಷ್ಟು ತಳಿಶಾಸ್ತ್ರ ಮುಟ್ಟಿದರೂ ಎಷ್ಟೋ ಹೆಣ್ಣುಮಕ್ಕಳ ಕಣ್ಣೀರು ಉಳಿದೀತು.

ಈ ಸಂಶೋಧನೆಯಲ್ಲಿ ನಮ್ಮವರ ಪಾಲೂ ಇದೆ. ಹೈದರಾಬಾದಿನ ಡಿಎನ್‌ಎ ಬೆರಳಚ್ಚು ಕೇಂದ್ರದಲ್ಲಿದ್ದ ಡಾ. ಜೆ. ನಾಗರಾಜು ಅವರು ರೇಷ್ಮೆ ತಳಿಗಳನ್ನು ಡಿಎನ್‌ಎಯಿಂದ ಗುರುತಿಸುವ ಕೆಲಸದಲ್ಲಿ ಮುಂಚೂಣಿಯಲ್ಲಿದ್ದರು. ಹಾಲುರೋಗದ ವೈರಸ್ಸನ್ನು ತಾನೇ ತಡೆಯುವ ಹುಳುವನ್ನು ಅವರ ತಂಡ ರೂಪಿಸಿತು. ಅದರ ವಿವರ 2013ರಲ್ಲಿ ಪ್ರಕಟವಾಗುವ ಹೊತ್ತಿಗೆ ಅವರು ಇರಲಿಲ್ಲ. 2012ರ ಡಿಸೆಂಬರ್ ಕೊನೆಯಲ್ಲಿ ತೀರಿಕೊಂಡಿದ್ದರು.

ಉರ್ದುವಿನಲ್ಲಿ ನಸ್ಲ್ ಎಂದರೆ ತಳಿಯೂ ಹೌದು, ಸಂತತಿಯೂ ಹೌದು. ಹುಳುವಿನ ನಸ್ಲ್ ಬಗ್ಗೆ ಮಾತಾಡುವಾಗ ನೆಟ್ಟಗಿರುವ ನಮ್ಮ ಬುದ್ಧಿ ಮನುಷ್ಯರ ನಸ್ಲ್ ಬಂದೊಡನೆ ಕೆಡುತ್ತದೆ. ನಾವು ಶುದ್ಧ, ಅವರು ಹೊರಗಿನವರು ಎನ್ನುತ್ತೇವೆ. ಹೈದರಾಬಾದಿನ ಸಿಸಿಎಂಬಿಯ ಲಾಲ್ಜಿ ಸಿಂಗ್, ತಂಗರಾಜ್ ಮತ್ತು ಅಮೆರಿಕದ ಡೇವಿಡ್ ರೈಕ್ 2009ರಲ್ಲಿ 25 ಜಾತಿ, ಬುಡಕಟ್ಟುಗಳ ಡಿಎನ್‌ಎ ಪರೀಕ್ಷಿಸಿ, ಭಾರತದ ಬಹುತೇಕ ಸಮುದಾಯಗಳು ಎರಡು ಪ್ರಾಚೀನ ಜನಮೂಲಗಳ ಬೆರಕೆ ಎಂದು ತೋರಿಸಿದರು. ಭಾರತದ ಮುಸ್ಲಿಮರ ಡಿಎನ್‌ಎ ಕುರಿತು 2010ರಲ್ಲಿ ಪ್ರಕಟವಾದ ಅಧ್ಯಯನವೂ ಅವರ ವಂಶಮೂಲ ಬಹುಪಾಲು ಇಲ್ಲಿಯದೇ, ಅರಬ್ ಹಾಗೂ ಪಶ್ಚಿಮ ಏಷ್ಯಾದ ಪಾಲು ಅಲ್ಪ ಎಂದು ಹೇಳಿತು. ನಮ್ಮ ಖಾನ್‌ದಾನ್ ಅರಬಸ್ತಾನದ್ದೆಂದು ಬೀಗುವವರಿಗೂ, ನೀವು ಅಲ್ಲಿಗೇ ಹೋಗಿ ಎನ್ನುವವರಿಗೂ ಇದು ಒಂದೇ ಉತ್ತರ.

ಮಿಶ್ರಣ ಲಾಭ ತಂದಿತೆಂದು ಮೂಲ ತಳಿಯನ್ನು ಮರೆಯುವಂತಿಲ್ಲ. ಮಾಗಡಿ, ಕುಣಿಗಲ್, ಬಿಡದಿಯ ಬಿತ್ತನೆ ಪ್ರದೇಶಗಳಲ್ಲಿ ಕಡಿಮೆ ಇಳುವರಿಯ ಮೈಸೂರು ತಳಿಯನ್ನು ಸಾಕುವ ರೈತರು ಕೈಬಿಟ್ಟರೆ ಶಿಡ್ಲಘಟ್ಟಕ್ಕೆ ಹಳದಿ ಗೂಡು ಬರುವುದಿಲ್ಲ. ಹೊಸೂರಿನ ಕೇಂದ್ರದಲ್ಲಿ ತಳಿಗಳನ್ನು ಕಾಪಾಡಿಟ್ಟಿದ್ದಾರೆ, ನಿಜ. ಆದರೆ ಅದು ಕಪಾಟಿನಲ್ಲಿಟ್ಟ ಕಾಗದಪತ್ರವಿದ್ದಂತೆ. ಬಿತ್ತನೆ ಗೂಡಿಗೆ ನ್ಯಾಯವಾದ ಬೆಲೆ ಸಿಕ್ಕರೆ ಮಾತ್ರ ರೈತ ಆ ತಳಿಯನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಾನೆ. ಹಳದಿ ಗೂಡನ್ನೇ ನಂಬಿ ಚರಕ ತಿರುಗಿಸುವ ರೀಲರನ ಮನೆಯ ಒಲೆಯೂ ಆ ಬೆಲೆಯಿಂದಲೇ ಉರಿಯಬೇಕು.